ತೂಕಡಿಸಿ ದಾರಿ ಕಂಡ ಚೆನ್ನಾಜಿ

ಬಹಳ ಹಿಂದೆ, ನವಿಲುಗಳು ದರ್ಬಾರಿಗೆ ಬಂದು ದೂರು ಹೇಳುತ್ತಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿ ಚೆನ್ನಾಜಿ ಎಂಬ ಹುಡುಗಿ. ಕೆಲಸಕ್ಕೆ ಚುರುಕು, ಆದರೆ ಕೂತಲ್ಲೇ ತೂಕಡಿಸುವವಳು. ಊರವರು ನಿದ್ದೆಬುರುಕಿ ಎಂದು ನಗುತ್ತಿದ್ದರು. ನಕ್ಕರೆ ಅವಳ ಗಂಟೇನು ಹೋಗಬೇಕು?

ಒಂದು ದಿನ ಮಾಯಾವಿ ಧೂಮಕೇಶ ಅವಳ ಅಕ್ಕ ಮಲ್ಲಾಜಿಯನ್ನು ಗಿಣಿ ಮಾಡಿ, ತನ್ನ ಗವಿಯೊಳಗಿನ ಪಂಜರದಲ್ಲಿಟ್ಟ. ಮೂರು ಸಲದೊಳಗೆ ಪಂಜರ ಮುಟ್ಟಿದರೆ ಗಿಣಿಗಳೆಲ್ಲ ಮನುಷ್ಯರಾಗುತ್ತವೆ, ಮೂರನೆಯ ಸಲವೂ ದಾರಿ ತಪ್ಪಿದವರು ಗಿಣಿಯಾಗುತ್ತಾರೆ. ಇದು ಆ ಗವಿಯ ನಿಯಮ. ಧೂಮಕೇಶ ಬಾಗಿಲಲ್ಲಿ ನಗಾರಿ ಬಡಿದು "ಓಡು, ಓಡು" ಎನ್ನುತ್ತಿದ್ದ. ಎಷ್ಟೋ ರಾಜಕುಮಾರರು ಒಂದೇ ಉಸಿರಿಗೆ ಓಡಿ ಓಡಿ ಗಿಣಿಗಳಾಗಿದ್ದರು.

ಅಕ್ಕನನ್ನು ಬಿಡಿಸಲು ಬಂದ ಚೆನ್ನಾಜಿ ಮೊದಲು ಗವಿಯ ಎಡಗವಲು ಹಿಡಿದಳು. ಪಾಚಿಗಟ್ಟಿದ ಮೆಟ್ಟಿಲು ದಾಟಿದಳು. ಬಲಗಡೆ ನೀರಿನ ಸದ್ದು ಕೇಳಿತು. ಕೊನೆಗೆ ಕಲ್ಲಿನ ಹುಲಿ ಬಾಯಿ ತೆರೆದು, "ಇಲ್ಲಿಗೆ ದಾರಿ ಮುಗಿಯಿತು" ಎಂದಿತು. ಹೊರಗೆ ಬಂದವಳೇ ಬಂಡೆಗೊರಗಿ ಕಣ್ಣು ಮುಚ್ಚಿದಳು.

"ಓಡೋದು ಬಿಟ್ಟು ಮಲಗ್ತೀಯೇನೇ?" ಎಂದ ಧೂಮಕೇಶ.

"ಇರಯ್ಯ. ಕಾಲು ನಡೆದಿದ್ದನ್ನ ತಲೆಯೂ ಒಂದ್ಸಲ ನಡೀಲಿ."

ಮಂಪರಿನಲ್ಲಿ ದಾರಿ ಹಿಮ್ಮುಖವಾಗಿ ಹರಿಯಿತು. ಹುಲಿ, ನೀರಿನ ಸದ್ದು, ಮೆಟ್ಟಿಲು, ಬಾಗಿಲು.

ಎರಡನೆಯ ಸಲ ಬಲಗವಲು. ಈಗ ನೀರಿನ ಸದ್ದು ಎಡಗಡೆ. ಕೊನೆಗೆ ರತ್ನದ ಹೆಡೆಯ ಹಾವು, "ಇಲ್ಲಿಗೂ ಮುಗಿಯಿತು" ಎಂದಿತು. ಚೆನ್ನಾಜಿ ಹೊರಗೆ ಬಂದಳು. ಇನ್ನೊಂದು ಸಲ ತಪ್ಪಿದರೆ ಅಕ್ಕನೂ ಇಲ್ಲ, ತಾನೂ ಇಲ್ಲ. ಆದರೂ ಬಂಡೆಗೊರಗಿದಳು. ಕನಸಿನಲ್ಲಿ ಬೇಟೆಯಾಡುವ ನಾಯಿಯ ಕಾಲಿನಂತೆ ಅವಳ ಪಾದ ಮಿಡುಕತೊಡಗಿತು. ಎರಡೂ ದಾರಿಗಳು ತಲೆಯೊಳಗೆ ಹಿಂದೆ ಮುಂದೆ ಓಡಾಡಿ ಒಂದಕ್ಕೊಂದು ಹೆಣೆದುಕೊಂಡವು. ಅತ್ತಲ ನೀರೂ ಇತ್ತಲ ನೀರೂ ಒಂದೇ ಹೊಳೆ! ಹಾಗಾದರೆ ಯಾರೂ ತುಳಿಯದ ಜಾಗ ಅದರ ನಡುವೆಯೇ ಇದೆ.

ಮೂರನೆಯ ಸಲ ಹುಲಿಯ ತನಕ ಹೋಗಲೇ ಇಲ್ಲ. ಪಾಚಿ ಮೆಟ್ಟಿಲ ಬಳಿ ಬಲಕ್ಕೆ ತಿರುಗಿ ನೀರಿಗಿಳಿದಳು. ಮೊಣಕಾಲುದ್ದ ನೀರು, ನಡುವೆ ನಡುಗಡ್ಡೆ, ಅದರ ಮೇಲೆ ಪಂಜರ. ಮುಟ್ಟಿದಳೋ ಇಲ್ಲವೋ, ಗಿಣಿಗಳೆಲ್ಲ ಮನುಷ್ಯರಾಗಿ ಕುಣಿದಾಡಿದರು.

ಧೂಮಕೇಶ ಉರಿದುಬಿದ್ದು, ಸಿಟ್ಟಿನ ಭರದಲ್ಲಿ ಹಾರುವುದನ್ನೇ ಮರೆತು ಒಳನುಗ್ಗಿದ. ಸದಾ ಹಾರಿಯೇ ಒಳಹೋಗುತ್ತಿದ್ದವನಿಗೆ ನಡೆಯುವ ದಾರಿ ಎಲ್ಲಿ ಗೊತ್ತು? ಹುಲಿಯ ಬಳಿ ತಪ್ಪಿದ, ಹಾವಿನ ಬಳಿ ತಪ್ಪಿದ, ಮತ್ತೆ ಹುಲಿಯ ಬಳಿಯೇ ತಪ್ಪಿ ಬೋಳುತಲೆಯ ಗಿಣಿಯಾದ.

"ಯಾರೂ ನಡೆಯದ ದಾರಿ ನಿನಗೆ ಹೇಗೆ ತಿಳೀತೇ?" ಎಂದು ಅಕ್ಕ ತಂಗಿಯನ್ನು ತಬ್ಬಿಕೊಂಡಳು.

"ನಡೆದ ದಾರಿಗಳೇ ಹೇಳಿದ್ವು ಅಕ್ಕ. ಕೂತು ಕೇಳಬೇಕಿತ್ತು, ಅಷ್ಟೇ."

ಅಂದು ಊರಿಗೆಲ್ಲ ಹೋಳಿಗೆ ಊಟ. ಉಂಡ ಮೇಲೆ ರಾಜನೂ ಸೇರಿ ಎಲ್ಲರೂ ಚಾಪೆ ಹಾಸಿದರು. ಹೊಂಬೆಟ್ಟದವರು ಸುಖವಾಗಿ ಬಾಳಿದರು, ಸುಖವಾಗಿ ಗೊರಕೆಯನ್ನೂ ಹೊಡೆದರು.