ಮೂರು ಪರ್ಸೆಂಟ್ ಬೆಳಕು

ಫಿನ್‌ಲ್ಯಾಂಡಿನ ಯೊಯೆನ್ಸೂ ಊರಿನಲ್ಲಿ ನನ್ನಂಥ ಹೊಲೊಗ್ರಾಮ್ ಡಿಸೈನರ್ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ನಾನು ಕಂಪ್ಯೂಟರಿನಲ್ಲಿ ಎಳೆದ ಗೆರೆಗಳನ್ನು ಉಗುರಗಲದ ಗಾಜಿನ ಬಿಲ್ಲೆಯ ಮೇಲೆ ಕೊರೆದು ಲೇಸರ್ ಹಾಯಿಸಿದರೆ ಸಾಕು, ಗೋಡೆಯ ಮೇಲೆ ಬೇಕಾದ ಚಿತ್ರ ಅರಳುತ್ತದೆ. ಕೆಂಪು ಬೆಳಕಿಗೊಂದು, ಹಸಿರಿಗೊಂದು. ಬೆಳಕು ನಾನು ಸಾಕಿದ ನಾಯಿ. ಕೂರು ಅಂದರೆ ಕೂರುತ್ತದೆ.

ಕೊರೆಯುವವಳು ಸೈಮಿ. ಧೂಳು ಸುಳಿಯದ ಕೋಣೆಯಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಬಾಯಿಗೆ ಮಾಸ್ಕು. ಕಾಣುವುದು ಕಣ್ಣು ಮಾತ್ರ. ಆ ಕಣ್ಣು ಒಮ್ಮೆ ಹೊರಳಿದರೆ ಸರೋವರದ ಮಂಜುಗಡ್ಡೆ ಫೆಬ್ರವರಿಯ ಕಡುಚಳಿಯಲ್ಲೇ ಬಿರಿಯಬೇಕು, ಸುಳ್ಳಲ್ಲ.

"ಏನೋ ಇಲ್ಪೊ, ಇಷ್ಟು ಸಣ್ಣ ಗೆರೆನಾ? ಕೊರೆಯೋಳೂ ಮನುಷ್ಯಳು ಅನ್ನೋ ಕರುಣೆ ಬೇಡ್ವಾ?"

"ನಿನ್ನ ರೆಪ್ಪೆಕೂದಲನ್ನೇ ಅಳತೆಗೆ ಇಟ್ಕೊಂಡಿದ್ದೆ ಕಣೇ."

"ಬೊಗಳೆ ಸಾಕು. ಬಿಲ್ಲೆ ಪಾಸಾಗ್ಲಿಲ್ಲ ಅಂದ್ರೆ ಕಾಫಿ, ದಾಲ್ಚಿನ್ನಿ ಬನ್ನು ನಿಂದೇ."

ಮಾಸ್ಕಿನ ಮೇಲೆ ಕಣ್ಣಂಚು ಸುಕ್ಕಾಯಿತು. ನಕ್ಕಿದ್ದಳು.

ಆ ಬಿಲ್ಲೆ ಕಣ್ಣಿನ ಆಪರೇಷನ್ ಯಂತ್ರಕ್ಕೆ. ಕೆಂಪು ಗುರಿಗೆರೆ ಬಿಡಿಸಬೇಕು, ಹಸಿರು ಉಂಗುರ ಬಿಡಿಸಬೇಕು, ಹಾಯಿಸಿದ ಬೆಳಕಿನಲ್ಲಿ ಎಂಬತ್ತು ಪರ್ಸೆಂಟ್ ಆ ಚಿತ್ರಗಳಿಗೇ ಸೇರಬೇಕು. ಅದು ಪಾಸಾದರೆ ಸೈಮಿಯ ಕೆಲಸ ಕಾಯಂ; ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ. ಇದು ನನಗೆ ಗೊತ್ತಿತ್ತು.

ಗೊತ್ತಿದ್ದೂ ನಾನು ಯಾರಿಗೂ ಹೇಳದೆ ಮೂರನೆಯ ಚಿತ್ರವೊಂದನ್ನು ಅದರೊಳಗೆ ಬಚ್ಚಿಟ್ಟೆ. ನೀಲಿ ಬೆಳಕು ಹಾಯಿಸಿದರೆ ಮಾತ್ರ ಕಾಣುವಂಥದ್ದು. ಬಿಲ್ಲೆ ಪಾಸಾದ ದಿನ ಎಲ್ಲರೆದುರು ನೀಲಿ ಹಚ್ಚಿ, ಫಿನ್‌ಲ್ಯಾಂಡ್ ದೇಶವೇ ಬಾಯಿ ಬಿಡುವಂತೆ ಮಾಡುವ ಹಂಚಿಕೆ ನನ್ನದು. ಆದರೆ ಬೆಳಕು ಮಹಾ ಜಿಪುಣ. ಮೂರನೆಯ ಎಲೆ ಹಾಕಿದರೆ ಮೊದಲೆರಡು ಎಲೆಯಿಂದಲೇ ತೆಗೆದು ಬಡಿಸುತ್ತದೆ.

"ಎಪ್ಪತ್ತೇಳು. ಮೂರು ಬಿಲ್ಲೆ ಮಾಡಿದ್ರೂ ಎಪ್ಪತ್ತೇಳೇ," ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥ ತಾರ್ಮೊ ಕೇಳಿದ. "ತಪ್ಪು ಡಿಸೈನಿಂದೋ, ಕೊರೆತದ್ದೋ?"

ಸೈಮಿ ನನ್ನನ್ನೇ ನೋಡುತ್ತಿದ್ದಳು. ಅಂದು ಮಾಸ್ಕಿರಲಿಲ್ಲ. ಇಡೀ ಮುಖ.

"ನನ್ನ ಡಿಸೈನಲ್ಲಿ ತಪ್ಪು ಹುಡುಕೋಕೆ ದೇವರೇ ಇಳಿದು ಬಂದ್ರೂ ಬರಿಗೈಲಿ ವಾಪಸ್ ಹೋಗ್ತಾನೆ!"

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ತಪ್ಪು ಕೊರೆತದ್ದೆಂದೇ ತೀರ್ಮಾನವಾಯಿತು. ಆ ಮಧ್ಯಾಹ್ನವೇ ನೀಲಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿನಿಂದ ಅಳಿಸಿದೆ. ಮೊದಲೆರಡು ಬಿಲ್ಲೆಗಳನ್ನು ಗಾಜಿನ ಕಸಕ್ಕೆ ಹಾಕಿದೆ. ಮೂರನೆಯದು ಅವಳ ಬಳಿಯೇ ಉಳಿದಿತ್ತು.

ತನ್ನ ಕೆಲಸದ ಕೊನೆಯ ದಿನ ಅವಳು ನನ್ನನ್ನು ಲೇಸರ್ ಮೇಜಿನ ಬಳಿಗೆ ಕರೆದಳು. ಆ ಮೂರನೆಯ ಬಿಲ್ಲೆಯನ್ನಿಟ್ಟು ನೀಲಿ ಹಚ್ಚಿದಳು.

ಗೋಡೆಯ ಮೇಲೆ ಅಕ್ಷರಗಳು ಅರಳಿದವು: ಸೈಮಿ, ನನ್ನ ಮದುವೆ ಆಗ್ತೀಯಾ?

"ಹೋದ ಬೆಳಕು ಎಲ್ಲಾದ್ರೂ ಇರ್ಲೇಬೇಕಲ್ಲ. ಒಂದೊಂದೇ ಬಣ್ಣ ಹಾಯಿಸಿ ಹುಡುಕಿದೆ," ಎಂದಳು. "ಅಕ್ಷರ ಚೆನ್ನಾಗಿದೆ ಕಣೋ. ಒಂದಂಚೂ ಮುಕ್ಕಾಗಿಲ್ಲ. ನನ್ನ ಕೊರೆತ ಅಲ್ವಾ?"

"ಸೈಮಿ, ಈಗ್ಲೇ ಹೋಗಿ ತಾರ್ಮೊಗೆ ಹೇಳ್ತೀನಿ."

"ಆವತ್ತು ಹೇಳಿದ್ದಿದ್ರೆ, ಇದನ್ನ ನೋಡೋಕೆ ಮುಂಚೇನೇ ಹೂಂ ಅಂತಿದ್ದೆ."

ಬಿಲ್ಲೆಯನ್ನು ಡಬ್ಬಿಗಿಟ್ಟು ಜೇಬಿಗೆ ಹಾಕಿಕೊಂಡಳು. "ನನ್ನ ಹೆಸರಿದೆ. ಇದು ನಂದು."

ಬಾಗಿಲಲ್ಲಿ ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿ, ಸ್ಕಾರ್ಫನ್ನು ಮೂಗಿನವರೆಗೆ ಏರಿಸಿದಳು. ಮತ್ತೆ ಕಣ್ಣು ಮಾತ್ರ. ಆ ಕಣ್ಣು ಹೊರಳಲಿಲ್ಲ.

ನಾನು ತಾರ್ಮೊನ ಕೋಣೆಗೆ ಓಡಿದೆ. ಜನ್ಮದಲ್ಲಿ ಮೊದಲ ಬಾರಿಗೆ, ಒಂದು ಕಾಳು ಉಪ್ಪುಖಾರವನ್ನೂ ಬೆರೆಸದೆ, ಎಲ್ಲವನ್ನೂ ಹೇಳಿದೆ.

"ಎಲ್ಲಿ, ತೋರ್ಸು ನೋಡೋಣ," ಎಂದ.

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ತಾರ್ಮೊ ನಕ್ಕು ನನ್ನ ಬೆನ್ನು ತಟ್ಟಿದ.

"ಆ ಹುಡುಗಿ ಮೇಲೆ ಅಷ್ಟೊಂದು ಮನಸಾ? ಬಿಡೋ ಇಲ್ಪೊ. ನಿನ್ನ ಬಡಾಯಿಗಳಲ್ಲೇ ಇದು ಬಲು ದೊಡ್ಡದು."