ಇಪ್ಪತ್ತೈದು ಸಹಿಗಳ ಅರ್ಜಿ

ಮಾರ್ಚ್ ೧೨, ಬೆಳಿಗ್ಗೆ ೮.೪೦. ಒಹಾಯೊದ ಮಿಲ್‌ಹೇವನ್ ವಿಶ್ವವಿದ್ಯಾಲಯದ ಪೊಲೀಸ್ ಠಾಣೆಗೆ ಬಂದ ವಿದ್ಯಾರ್ಥಿ ಆಂಡರ್ಸ್ ಕೂರಲೇ ಇಲ್ಲ.

"ಹೊಸ ಫ್ರಾಟರ್ನಿಟಿ ಅರ್ಜೀಲಿ ನನ್ನ ಹೆಸರು, ಸಹಿ ಇದೆ ಮೇಡಂ. ನಾನು ಹಾಕಿಲ್ಲ. ಎರಡು ಕಡೆ ಕಾಲಿಟ್ಟಿದೀಯ ಅಂತ ನಮ್ಮ ಕೂಟದೋರು ಸಂಜೆ ಆರಕ್ಕೆ ನನ್ನ ಹೊರಗೆ ಹಾಕ್ತಾರೆ."

ಡಿಟೆಕ್ಟಿವ್ ಲೊರೇನ್ ಪ್ರೂಯಿಟ್ ದೂರು ದಾಖಲಿಸಿ, ಡೇಸಿ ಎಂಬ ಪೇದೆಯವನೊಂದಿಗೆ ವಿದ್ಯಾರ್ಥಿ ಸಂಘಗಳ ಕಚೇರಿಗೆ ಹೋದಳು. ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಕೂಟದ ಶಾಖೆ ತೆರೆಯಲು ಮಾನ್ಯತೆ ಬೇಕಾದರೆ ಬೇರೆ ಕೂಟಕ್ಕೆ ಸೇರದ ಇಪ್ಪತ್ತೈದು ವಿದ್ಯಾರ್ಥಿಗಳ ಸಹಿ ಇರಬೇಕು, ಮಾರ್ಗದರ್ಶಿಯಾಗಿ ಹಳೆಯ ಸದಸ್ಯನೊಬ್ಬ ಇರಬೇಕು. ಮಾನ್ಯತೆ ಕೊಡುವ ಸಭೆ ಮರುದಿನ ಬೆಳಿಗ್ಗೆ ಹತ್ತಕ್ಕೆ. ರಸೀದಿ ಕೊಟ್ಟು ಅರ್ಜಿಯನ್ನು ವಶಪಡಿಸಿಕೊಂಡು, ಅದರಲ್ಲಿದ್ದ ಎಲ್ಲರಿಗೂ ಫೋನ್ ಮಾಡಿದರು. ಸಹಿ ತಮ್ಮದೇ ಎಂದು ಹದಿನಾಲ್ಕು ಜನ ಹೌದೆಂದರು, ಹನ್ನೊಂದು ಜನ ಇಲ್ಲವೆಂದರು.

ಮಧ್ಯಾಹ್ನ ಎರಡಾಯಿತು. ಪ್ರೂಯಿಟ್ ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ಓಡಾಡಿದಳು.

"ಅರ್ಜೀಲಿ ಹೆಸರುಗಳ ಕ್ರಮಸಂಖ್ಯೆ ೪೧೨ರಿಂದ ಯಾಕೆ ಶುರು?"

"ಟೈಪಿನ ತಪ್ಪು ಅಂದ್ಕೊಂಡೆ," ಎಂದ ಕಚೇರಿಯ ಗುಮಾಸ್ತ.

ಡೇಸಿ ನಕ್ಕ. "ತಪ್ಪಲ್ಲ ಮೇಡಂ. ನಮ್ಮ ಮಾವನೂ ಫ್ರಾಟರ್ನಿಟಿಯೋರೇ. ಸೇರಿದವನಿಗೊಂದು ನಂಬರು, ಸಾಯೋತನಕ ಅದೇ. ಮುಚ್ಚಿದ ಶಾಖೆ ತೆರೆದರೆ ಬಿಟ್ಟ ಕಡೆಯಿಂದ ಎಣಿಸ್ತಾರೆ. ಈ ಹುಡುಗರಿಗಿನ್ನೂ ನಂಬರೇ ಕೊಟ್ಟಿಲ್ಲ. ಎಲ್ಲಿಗೆ ನಿಂತಿತ್ತು ಅಂತ ಹಳಬರಿಗಷ್ಟೇ ಗೊತ್ತು."

ಅರ್ಜಿಯಲ್ಲಿದ್ದ ಹಳಬ ಒಬ್ಬನೇ. ಮಾರ್ಗದರ್ಶಿ ವೆಂಡೆಲ್ ಹಾಸ್‌ಕ್ಯಾಂಪ್, ಎಪ್ಪತ್ತೊಂದು ವರ್ಷದ ನಿವೃತ್ತ ಮೇಷ್ಟ್ರು.

೪.೧೫ಕ್ಕೆ ಅವನ ಮನೆ.

"೪೧೧ ಯಾರು?"

"ನಾನೇ."

"ಹನ್ನೊಂದು ಹೆಸರು ಎಲ್ಲಿಂದ ಬಂತು?"

"ಶನಿವಾರ ಹಿತ್ತಲಲ್ಲಿ ಮಾಂಸ ಸುಟ್ಟು ಹುಡುಗರನ್ನ ಊಟಕ್ಕೆ ಕರೆದಿದ್ದೆ. ಬಂದೋರೆಲ್ಲ ಒಂದು ಹಾಳೇಲಿ ಹೆಸರು ಬರೆದ್ರು. ತಿಂದ್ರು, ಕೈ ಒರೆಸಿಕೊಂಡ್ರು, ಹೋದ್ರು. ಕಡಿಮೆ ಬಿದ್ದ ಹನ್ನೊಂದು ಸಹಿ ಆ ಹಾಳೆ ನೋಡ್ಕೊಂಡು ನಾನೇ ಹಾಕಿದೆ." ಆ ಹಾಳೆಯನ್ನು ಅವನೇ ತಂದುಕೊಟ್ಟ.

೫.೧೦ಕ್ಕೆ ಅವನಿಗೆ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದರು. ಠಾಣೆಗೆ ಹೊರಡುವ ಮೊದಲು ಪ್ರೂಯಿಟ್ ಆಂಡರ್ಸ್‌ನ ಕೂಟಕ್ಕೆ ಫೋನ್ ಮಾಡಿದಳು. ಹುಡುಗ ಕೂಟದಲ್ಲೇ ಉಳಿದ.

ಕಾರಿನಲ್ಲಿ ಮುದುಕ ತಾನಾಗಿಯೇ ಮಾತಾಡಿದ. ೧೯೭೫ರಲ್ಲಿ ಶಾಖೆಯವರು ಹೊಸಬನೊಬ್ಬನಿಗೆ ಕುಡಿಸಿ ಕುಡಿಸಿ ಆಸ್ಪತ್ರೆ ಸೇರಿಸಿದ್ದರು. ಡೀನ್ ಕೇಳಿದಾಗ ನಿಜ ಹೇಳಿದವನು ಇವನೊಬ್ಬನೇ. ಶಾಖೆ ಮುಚ್ಚಿತು. ಐವತ್ತು ವರ್ಷದಿಂದ ಒಬ್ಬ ಹಳಬನೂ ಇವನೊಂದಿಗೆ ಮಾತಾಡಿರಲಿಲ್ಲ.

"ನಾನೇ ತೆರೆಸಿದರೆ ಬರ್ತಾರೆ ಅಂದ್ಕೊಂಡೆ ಮೇಡಂ. ನಾಳೆ ಸಭೆಗೆ ಹಳಬರು ಆರು ಜನ ಬರ್ತೀವಿ ಅಂತ ಕಾಗದ ಹಾಕಿದಾರೆ. ಕ್ಲೀವ್‌ಲ್ಯಾಂಡಿಂದ ಆಗಲೇ ಹೊರಟಿರ್ತಾರೆ. ಶಾಖೆ ತೆರೆಯೋದಿಲ್ಲ ಅಂತ ಅವರಿಗೆ ಯಾರು ಹೇಳ್ತೀರಿ?"

ಪ್ರೂಯಿಟ್ ಡೇಸಿಯ ಮುಖ ನೋಡಿದಳು. ಡೇಸಿ ರಸ್ತೆ ನೋಡುತ್ತಿದ್ದ.