ಇಂಗ್ಲಿಷ್ ಕೋಟೆಯ ಗಿಳಿಗಳು

ಬಹು ಹಿಂದೆ, ಏಳು ಬೆಟ್ಟಗಳ ಆಚೆಯ ಸಿಡಿಲಗಿರಿ ರಾಜ್ಯದಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಅವನ ಕೋಟೆಯಲ್ಲಿ ಇಂಗ್ಲಿಷೇ ಮಂತ್ರ. ಅವನು ಮೂರು ಸಲ ಒಂದೊಂದು ದೃಶ್ಯ ತೋರಿಸಿ, ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳೆಂದು ಕೇಳುತ್ತಿದ್ದ. ಮೂರು ಸಲವೂ ಸರಿಯಾದ ಕ್ರಿಯಾಪದ ಹೇಳಿದವರಿಗೆ ಬೇಡಿದ್ದು ಸಿಗುತ್ತಿತ್ತು. ತಪ್ಪಿದವರು ಗಿಳಿಗಳಾಗುತ್ತಿದ್ದರು. ಅರಮನೆಯ ದುಭಾಷಿ ಬಸವಲಿಂಗನೂ ಗಿಳಿಯಾಗಿ ಪಂಜರ ಸೇರಿದ್ದ. ಅವನನ್ನು ಬಿಡಿಸಲು ತಂಗಿ ಹೊನ್ನಾಂಬೆ ಕೋಟೆ ಹತ್ತಿದಳು.

"ದುಭಾಷಿಯೇ ಇಲ್ಲಿ ಮೆಣಸಿನಕಾಯಿ ತಿನ್ನುತ್ತಿದ್ದಾನೆ. ನಿನಗೆ ಯಾವುದು ಬೇಕಮ್ಮ, ಕೆಂಪೋ ಹಸಿರೋ?" ಎಂದ ಧೂಮಕೇಶ.

"ಪ್ರಶ್ನೆ ಕೇಳಿ," ಎಂದಳು.

ಕೋಟೆಯೊಳಗಿನ ಕೊಳದಿಂದ ಬೆಳ್ಳಿಯ ಚೆಂಡೊಂದು ಮೇಲೆದ್ದಿತು. ಹೊನ್ನಾಂಬೆ ಮೊದಲು ಕನ್ನಡದಲ್ಲಿ ಕೇಳಿಕೊಂಡಳು: ಎದ್ದಿತೋ, ಎತ್ತಿದರೋ? ತಾನಾಗಿ ಎದ್ದಿತು. ‘ರೋಸ್’ ಎಂದಳು. ಮೊದಲ ಬಾಗಿಲು ತೆರೆಯಿತು.

ರಾಕ್ಷಸನೊಬ್ಬ ಆನೆಯನ್ನು ಒಂದೇ ಕೈಯಲ್ಲಿ ಮೇಲಕ್ಕೆ ಹಿಡಿದ. ಎದ್ದಿತೋ, ಎತ್ತಿದರೋ? ಎತ್ತಿದ. ‘ರೇಸ್ಡ್’ ಎಂದಳು. ಎರಡನೆಯ ಬಾಗಿಲೂ ತೆರೆಯಿತು. ಸ್ವಂತ ಭಾಷೆ ಗಟ್ಟಿಯಿದ್ದವಳಿಗೆ ಪರಭಾಷೆಯ ಭಯವೇನು?

ಮೂರನೆಯ ಕೋಣೆಯಲ್ಲಿ ಹುಲಿಯೊಂದು ಮಲಗಿತ್ತು. ಅದು ನಿನ್ನೆಯೂ ಮಲಗಿತ್ತು ಎನ್ನಬೇಕು. ಹೊನ್ನಾಂಬೆ ಅವಸರಪಟ್ಟು ‘ಲೇಡ್’ ಎಂದುಬಿಟ್ಟಳು.

ತೋಳಿನ ಮೇಲೆ ಹಸಿರು ಗರಿ ಮೂಡಿತು. ಅಲ್ಲಿಯವರೆಗೆ ಬಂದವರೆಲ್ಲ ಈ ಗಳಿಗೆಯಲ್ಲಿ ಇನ್ನೂ ಹತ್ತು ಮಾತು ಸೇರಿಸಿ ತಪ್ಪನ್ನು ಮುಚ್ಚಲು ಹೋಗಿದ್ದರು. ಅವಳು ಹಾಗೆ ಮಾಡಲಿಲ್ಲ.

"ತಪ್ಪು ಹೇಳಿದೆ. ಯಾರೂ ಮಲಗಿಸಲಿಲ್ಲ, ಅದೇ ಮಲಗಿತು. ‘ಲೈ’ ಎಂಬುದರ ಭೂತಕಾಲ ‘ಲೇ’ ಎನ್ನಬೇಕಿತ್ತು."

ಗರಿ ಉದುರಿತು. ಧೂಮಕೇಶ ಕೆರಳಿದ. ತಿದ್ದಿಕೊಳ್ಳಲು ಇಲ್ಲಿ ಅವಕಾಶವಿಲ್ಲ, ಈ ಹುಲಿ ಇಲ್ಲಿ ನೂರು ವರ್ಷ ಮಲಗಿದೆ ಎಂದು ಇಂಗ್ಲಿಷಿನಲ್ಲಿ ಗುಡುಗಿದ. ಆ ಗುಡುಗಿನ ನಡುವೆ ಅವನೂ ‘ಲೇಡ್’ ಎಂದ. ಅವನ ಕೈಗೂ ಗರಿ ಬಂತು.

"‘ಮಲಗಿದೆ’ ಎನ್ನಲು ‘ಹ್ಯಾಸ್ ಲೇನ್’ ಆಗಬೇಕು ಸ್ವಾಮಿ, ತಿದ್ದಿಕೊಳ್ಳಿ," ಎಂದಳು.

"ನಾನು? ನಿನ್ನಿಂದ?"

ಗರಿ ಭುಜಕ್ಕೇರಿತು. ಅವಳು ಮತ್ತೊಮ್ಮೆ ಹೇಳಿದಳು. ಅವನು ಒಪ್ಪಲಿಲ್ಲ. ಮೂಗು ಬಾಗಿತು. ಮೂರನೆಯ ಸಲ ಹೇಳಿದಾಗ ಉತ್ತರವಾಗಿ ಬರೀ ಕಿರುಚಾಟ ಬಂತು, ಗಿಳಿಯೊಂದು ಕಿಟಕಿಯಿಂದ ಹಾರಿಹೋಯಿತು. ಪಂಜರಗಳೆಲ್ಲ ಕರಗಿದವು. ಒಳಗಿದ್ದವರು ಮನುಷ್ಯರಾಗಿ ಎದ್ದು ನಿಂತರು.

ಬಸವಲಿಂಗ ತಲೆ ತಗ್ಗಿಸಿ, ತಾನೂ ಅದೇ ತಪ್ಪು ಮಾಡಿದ್ದೆ ಎಂದ.

"ಒಪ್ಪಿಕೊಳ್ಳಬಹುದಿತ್ತಲ್ಲ ಅಣ್ಣ?"

"ಅರಮನೆಯ ದುಭಾಷಿ ಕಣಮ್ಮ. ಹೇಗೆ ಒಪ್ಪಲಿ?"

ಅವಳು ನಕ್ಕು ಅವನ ಕೈ ಹಿಡಿದು ಬೆಟ್ಟ ಇಳಿಸಿದಳು. ಮಹಾರಾಜ ಅವಳನ್ನು ರಾಜ್ಯದ ಗುರುವಾಗಿ ಕೂರಿಸಿದ. ಅಂದಿನಿಂದ ಸಿಡಿಲಗಿರಿಯ ಜನ ಎರಡು ಭಾಷೆಯನ್ನೂ ತಲೆಯೆತ್ತಿ ಆಡುತ್ತ, ತಪ್ಪಿದಾಗ ತಲೆಯೆತ್ತಿಯೇ ತಿದ್ದಿಕೊಳ್ಳುತ್ತ, ನೂರ್ಕಾಲ ಸುಖವಾಗಿ ಬಾಳಿದರು.